ಹತ್ತು ಗಂಟೆಗೆ ಏಳುವ ಬೆರಳು

ಅಂದು ಬೆಳಿಗ್ಗೆ ಕೂಸು ಅಳುತ್ತಿತ್ತು, ಅವ್ವ ಎತ್ತಿಕೊಳ್ಳಲಿಲ್ಲ. ಹತ್ತೊಂಬತ್ತು ದಿನಗಳಿಂದ ಮೌನೇಶ್ವರಿಯ ತಲೆಯೊಳಗೆ ಇದೊಂದೇ ತಿರುಗುತ್ತಿತ್ತು. ಹಾಲು ಕಾಯಿಸುವಾಗ, ಕಾಲೇಜಿನ ಕಚೇರಿಯಲ್ಲಿ ಹಾಜರಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುವಾಗ, ಮಗನ ಪುಟ್ಟ ಉಗುರು ಕತ್ತರಿಸುವಾಗ, ಎಲ್ಲಿದ್ದರೂ ಅದೇ. ಯಾಕೆ ಎತ್ತಿಕೊಳ್ಳಲಿಲ್ಲ? ಬೇಡವಾಗಿತ್ತೇ? ಮಗಳ ಮನೆಯ ಚಾಕರಿ ಸಾಕಾಗಿತ್ತೇ? ಅಥವಾ ಅವ್ವನ ಮೈಯೊಳಗೆ ಏನೋ ಇದ್ದು, ಅದನ್ನು ತಾನೇ ಕಾಣದೆ ಹೋದೆನೇ? ಮೊದಲಿನ ಎರಡು ಪ್ರಶ್ನೆಗೆ ಸಿಟ್ಟು ಬರುತ್ತಿತ್ತು. ಮೂರನೆಯದಕ್ಕೆ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೇ ಅವಳು ಸಿಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಅವ್ವನಿಗೆ ಒಂದು ಫೋನೂ ಮಾಡದೆ ಕೂತಿದ್ದಳು.

ಮೊದಲೇ ಅವಳದು ಕಳವಳದ ಜೀವ. ಮಗ ಸಮ್ಯಕ್ ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಎದ್ದರೆ ಹಣೆ ಮುಟ್ಟುವಳು. ಥರ್ಮಾಮೀಟರ್ ಒಂದರ ಮೇಲೆ ನಂಬಿಕೆ ಸಾಲದೆ ಎರಡು ಇಟ್ಟಿದ್ದಳು. "ಎರಡೂ ಬ್ಯಾರೆ ಬ್ಯಾರೆ ತೋರ್ಸಿದ್ರ ಮೂರನೇದು ತರ್ತೀಯೇನು?" ಎಂದು ಗಂಡ ಆನಂದ ಕೇಳಿದಾಗ, ತರಬೇಕೇ ಎಂದು ನಿಜಕ್ಕೂ ಯೋಚಿಸಿದ್ದಳು. ರಾಯಚೂರಿನ ಬಾಡಿಗೆ ಮನೆಯಲ್ಲಿ ಅವರು ಮೂವರೇ. ಆನಂದ ಬಸ್ ಕಂಡಕ್ಟರ್. ಅತ್ತೆಯಿಲ್ಲದ ಮನೆ. ಹೆರಿಗೆ ರಜೆ ಮುಗಿದ ಮೇಲೆ ಕೂಸನ್ನು ನೋಡಿಕೊಳ್ಳಲು ಅವ್ವ ಬಸ್ಸಮ್ಮನೇ ಅರಕೇರಾದಿಂದ ಬರಬೇಕಾಯಿತು.

ಬಸ್ಸಮ್ಮ ಯಾಪಲದಿನ್ನಿಯಲ್ಲಿ ಹುಟ್ಟಿ, ಅರಕೇರಾಕ್ಕೆ ಸೊಸೆಯಾಗಿ ಬಂದವಳು. ಗಂಡ ಸೂಗಪ್ಪ ತೀರಿಕೊಂಡಾಗ ದೊಡ್ಡ ಮಗಳು ಮೌನೇಶ್ವರಿಗೆ ಒಂಬತ್ತು, ಸಣ್ಣವಳು ಉಮಾದೇವಿಗೆ ಆರು. ದೊಡ್ಡವಳನ್ನು ರಾಯಚೂರಿನ ಹಾಸ್ಟೆಲಿಗೆ ಸೇರಿಸಿ, ಸಣ್ಣವಳನ್ನು ಸಂಗಡ ಇಟ್ಟುಕೊಂಡು, ಬಸ್ಸಮ್ಮ ಕೈಗೆ ಸಿಕ್ಕ ಕೂಲಿಯನ್ನೆಲ್ಲ ಮಾಡಿದಳು. ಆದರೆ ಅವಳ ಹೆಸರು ಹೇಳಿಸಿದ್ದು ಒಂದೇ ಕೆಲಸ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಹನುಮಂತ್ರಾಯ ಊರಿನ ಇಪ್ಪತ್ತು ಮೂವತ್ತು ಹೆಣ್ಣಾಳುಗಳನ್ನು ಟೆಂಪೋದಲ್ಲಿ ತುಂಬಿಕೊಂಡು ಮಾನ್ವಿ ಕಡೆಯ ಹತ್ತಿ ಬೀಜದ ಹೊಲಗಳಿಗೆ ಒಯ್ಯುತ್ತಿದ್ದ. ಎರಡು ತಿಂಗಳು ಹೊಲದ ತಗಡಿನ ಶೆಡ್ಡಿನಲ್ಲೇ ವಾಸ. ಆ ಕೆಲಸಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ.

ಕ್ರಾಸಿಂಗ್ ಎಂದರೆ ಎರಡು ತಳಿಯ ಹತ್ತಿಯನ್ನು ಕೂಡಿಸಿ ಹೈಬ್ರಿಡ್ ಬೀಜ ಮಾಡಲು, ಹೂವಿನ ಹೊತ್ತು ನೋಡಿ ಮಾಡುವ ಕೆಲಸ. ಮಧ್ಯಾಹ್ನ ಮೂರರ ಮೇಲೆ, ನಾಳೆ ಅರಳಲಿರುವ ಮೊಗ್ಗು ಯಾವುದೆಂದು ಗುರುತು ಹಿಡಿಯಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಕೊಟ್ಟು, ಎಸಳನ್ನೂ ಅದಕ್ಕೆ ಅಂಟಿದ ಹಳದಿ ಪುಡಿಯ ಗಂಟುಗಳನ್ನೂ ಟೋಪಿ ತೆಗೆದಂತೆ ತೆಗೆಯಬೇಕು. ನಡುವಿನ ಎಳೆ ಕಡ್ಡಿಗೆ ಗೀರೂ ಬೀಳಬಾರದು. ಮೇಲೊಂದು ಕೆಂಪು ಕಾಗದದ ಚೀಲ ತೊಡಿಸಿದರೆ ಆ ದಿನದ್ದು ಮುಗಿಯಿತು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಗಂಡು ಸಾಲಿನ ಹೂ ಕಿತ್ತು ತಂದು, ಚೀಲ ತೆಗೆದು, ಆ ಕಡ್ಡಿಗೆ ನವಿರಾಗಿ ಸವರಬೇಕು. ಹನ್ನೊಂದರೊಳಗೆ ಮುಗಿಯಬೇಕು, ಬಿಸಿಲೇರಿದರೆ ಹೂವಿನ ಪುಡಿ ಸತ್ತುಹೋಗುತ್ತದೆ. ಬೇರೆಯವರು ಒಂದು ಸಾಲು ಮುಗಿಸುವಷ್ಟರಲ್ಲಿ ಬಸ್ಸಮ್ಮ ಎರಡು ಮುಗಿಸುತ್ತಿದ್ದಳು. ಬಲಗೈ ಹೆಬ್ಬೆರಳಿನ ಉಗುರೊಂದನ್ನೇ ಅವಳು ಉದ್ದ ಬಿಡುತ್ತಿದ್ದಳು. ಹತ್ತಿ ಗಿಡದ ಕರೆ ಕೂತು ಹಳದಿಯಾದ, ಗಟ್ಟಿ ಉಗುರು. ಹಾಸ್ಟೆಲಿನ ಗೆಳತಿಯರ ಮುಂದೆ ಮೌನೇಶ್ವರಿಗೆ ಆ ಉಗುರಿನ ನಾಚಿಕೆ. ಅವ್ವ ಭೇಟಿಗೆ ಬಂದರೆ ಸೆರಗಿನೊಳಗೆ ಕೈ ಮುಚ್ಚಿಕೋ ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಆ ಕೈಗೇ ಏನೋ ಆಯಿತು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಿಕೊಂಡು, ಬಾತು, ಒಣಗಿದ ಚರ್ಮದ ಹಾಗೆ ಬಿಗಿದಿರುತ್ತಿದ್ದವು. ಹೂ ಹಿಡಿದರೆ ಹಿಂಡಿಹೋಗುವುದು, ಇಲ್ಲವೆ ಬಿದ್ದುಹೋಗುವುದು. ಹೊತ್ತೇರಿದಂತೆ ತಾವೇ ಸಡಿಲಾಗುವವು. ಮಧ್ಯಾಹ್ನ ಮೊಗ್ಗಿನ ಟೋಪಿ ತೆಗೆಯಲು ನಿಂತರೆ ಹಳೆಯ ಬಸ್ಸಮ್ಮನೇ.

"ನನ್ನ ಬೆರಳು ಹತ್ತಕ್ಕ ಏಳ್ತಾವ್ರೀ ಮೇಸ್ತ್ರಿ. ಅಲ್ಲಿತನ ನಿದ್ದಿ ಮಾಡ್ತಾವ," ಎಂದು ಅವಳೇ ನಗುತ್ತ ಹೇಳಿದ್ದಳು.

"ಬೆರಳಿಗೆ ಚಾ ಕುಡಸಬೇ ಬಸ್ಸವ್ವಾ, ಏಳ್ತಾವ," ಎಂದ ಹನುಮಂತ್ರಾಯ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳಿಗೆ 'ಅರ್ಧ ಆಳು' ಎಂದೇ ಹೆಸರು ಬಿತ್ತು. ಮಧ್ಯಾಹ್ನ ಅಷ್ಟು ಚುರುಕು ಇರುವವಳು ಬೆಳಿಗ್ಗೆ ಕೈಲಾಗದು ಎಂದರೆ ಯಾರು ನಂಬುತ್ತಾರೆ?

ಮೌನೇಶ್ವರಿ ಆಗ ಅವ್ವನನ್ನು ರಾಯಚೂರಿನ ಒಂದು ದೊಡ್ಡ ದವಾಖಾನೆಗೆ ಕರೆಸಿಕೊಂಡಳು. ಅರಕೇರಾದಿಂದ ದೇವದುರ್ಗ, ದೇವದುರ್ಗದಿಂದ ರಾಯಚೂರು, ಬಸ್ಸು ಬದಲಿಸಿ ಬರುವಷ್ಟರಲ್ಲಿ ಹತ್ತೂವರೆ. ಪಾಳಿ ಬಂದಾಗ ಮಧ್ಯಾಹ್ನ ಒಂದು. ಡಾಕ್ಟರು ಬೆರಳು ಒತ್ತಿ ನೋಡಿ, "ಮುಷ್ಟಿ ಮಾಡಮ್ಮ," ಎಂದರು. ಬಸ್ಸಮ್ಮ ಮುಷ್ಟಿ ಮಾಡಿದಳು. "ಬಿಡಮ್ಮ," ಎಂದರು. ಬಿಟ್ಟಳು. "ವಯಸ್ಸಾಯ್ತು, ಕೆಲಸ ಜಾಸ್ತಿ, ಅಷ್ಟೇ," ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಮೌನೇಶ್ವರಿ, "ಏನೂ ಇಲ್ಲಂತ ನೋಡು. ಸುಮ್ಮನ ಜೀವ ತಿಂದಿ ನಂದು," ಎಂದಳು. ಬಸ್ಸಮ್ಮ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಇವು ತನ್ನನ್ನು ಸುಳ್ಳಿ ಮಾಡಿದವಲ್ಲ ಎನ್ನುವಂತೆ.

ಈ ವರ್ಷ ಕೂಸಿನ ಸಲುವಾಗಿ ಬಂದಾಗ ಬಸ್ಸಮ್ಮ ಮೊದಲು ಮಾಡಿದ ಕೆಲಸ, ಬ್ಲೇಡು ತರಿಸಿ ಹೆಬ್ಬೆರಳಿನ ಆ ಉಗುರು ಕತ್ತರಿಸಿದ್ದು. "ಕೂಸಿನ ಎಳೀ ಮೈಗೆ ತಾಗೀತು," ಎಂದಳು. ಕ್ರಾಸಿಂಗ್ ಶುರುವಾಗಲು ಆಗ ಒಂದು ತಿಂಗಳೂ ಇರಲಿಲ್ಲ. ಈ ವರ್ಷ ಹೊಲಕ್ಕೆ ಹೋಗುವುದಿಲ್ಲ ಎಂದು ಅವಳು ಬಾಯಲ್ಲಿ ಹೇಳಲಿಲ್ಲ. ಉಗುರು ಕತ್ತರಿಸಿ ಹೇಳಿದಳು. ಮೌನೇಶ್ವರಿಗೆ ಅದು ತಿಳಿಯಲಿಲ್ಲ. ಸದ್ಯ, ಉಗುರು ಹೋಯಿತಲ್ಲ ಎಂದಷ್ಟೇ ಸಮಾಧಾನಪಟ್ಟಳು.

ಹಗಲೆಲ್ಲ ಅಜ್ಜಿಯ ಮಡಿಲಲ್ಲೇ ಸಮ್ಯಕ್. ಸಂಜೆ ಬಸ್ಸಮ್ಮ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಅವನು ಕೈ ತಟ್ಟುತ್ತಿದ್ದ. ಆದರೆ ಬೆಳಿಗ್ಗೆ ಮಾತ್ರ ಅವಳು ಗೋಡೆಗೆ ಒರಗಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತುಬಿಡುವಳು. ಚಹಾದ ಕಪ್ಪನ್ನು ಬೆರಳಿನಿಂದಲ್ಲ, ಎರಡು ಅಂಗೈ ನಡುವೆ ಅದುಮಿ ಎತ್ತುವಳು.

"ನಿಮ್ಮವ್ವ ಅಂದ್ರ ಸರ್ಕಾರಿ ಆಫೀಸಿದ್ದಂಗ ನೋಡು. ಹತ್ತೂವರಿತನ ಬಾಗಲಾ ತೆರಿಯಂಗಿಲ್ಲ," ಎಂದು ಆನಂದ ಹಾಸ್ಯ ಮಾಡುತ್ತಿದ್ದ.

"ಮಧ್ಯಾಹ್ನ ಊಟಕ್ಕ ಮುಚ್ಚಂಗಿಲ್ಲಲ್ಲ ಅಳಿಯಾ, ಅದರ ಸಲುವಾಗಿ ಸುಮ್ಮನಿರು," ಎಂದು ಬಸ್ಸಮ್ಮ ತಿರುಗಿ ಕೊಡುತ್ತಿದ್ದಳು. ನಗುವಿನಲ್ಲಿ ಮಾತು ಮುಗಿಯುತ್ತಿತ್ತು.

ಆ ಬೆಳಿಗ್ಗೆ ಆನಂದ ಡ್ಯೂಟಿಗೆ ಹೋಗಿದ್ದ. ಮೌನೇಶ್ವರಿ ಸ್ನಾನದ ಮನೆಯಲ್ಲಿದ್ದಳು. ಕೂಸು ಕಿರುಚುವುದು ಕೇಳಿತು. ನಿಲ್ಲಬಹುದು ಎಂದುಕೊಂಡಳು, ನಿಲ್ಲಲಿಲ್ಲ. ಒದ್ದೆ ಕೂದಲಲ್ಲೇ ಓಡಿಬಂದರೆ, ಚಾಪೆಯ ಅಂಚಿನಲ್ಲಿ ಮಗ ಕೆಂಪಾಗಿ ಅಳುತ್ತಿದ್ದಾನೆ, ಅವನ ಮಗ್ಗುಲಿಗೆ ಒಂದು ದಿಂಬು. ಎರಡು ಮೊಳ ದೂರದಲ್ಲಿ ಅವ್ವ, ಕೈ ಕಂಕುಳಲ್ಲಿ ಇಟ್ಟುಕೊಂಡು, ಸುಮ್ಮನೆ ನೋಡುತ್ತಿದ್ದಾಳೆ.

ಮೌನೇಶ್ವರಿಯ ಬಾಯಿಂದ ಆ ಮಾತು ಬಂದದ್ದು ಆಗಲೇ. "ಸಂಜಿಕ ಹತ್ತು ರೊಟ್ಟಿ ಬಡೀತಿ. ಮುಂಜಾನಿ ಒಂದು ಕೂಸು ಎತ್ತಾಕ ಆಗಂಗಿಲ್ಲೇನು ನಿನಗ? ಬ್ಯಾಡಾಗಿದ್ರ ಬ್ಯಾಡಂತ ಅನ್ನು. ಇಂಥಾ ನಾಟಕ ಮಾಡಬ್ಯಾಡ."

ಅಂದು ಸಂಜೆ ಬಸ್ಸಮ್ಮ ಕೂತು ನಲವತ್ತು ಖಡಕ್ ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಳು. ಮರುದಿನ ಮಧ್ಯಾಹ್ನ ಕೂಸಿನ ಕಾಲು ಕಣ್ಣಿಗೆ ಒತ್ತಿಕೊಂಡು, ಮಾನ್ವಿ ಬಸ್ಸು ಹತ್ತಿದಳು. ಹನುಮಂತ್ರಾಯನ ಗುಂಪು ಆಗಲೇ ಹೊಲ ಸೇರಿತ್ತು. ಆನಂದ ಮೇಲಧಿಕಾರಿಗೆ ಕೈಮುಗಿದು ರಾತ್ರಿ ತಂಗುವ ಬಸ್ಸಿಗೆ ಬದಲಿಸಿಕೊಂಡ. ಸಂಜೆ ಹೋಗಿ ಬೆಳಿಗ್ಗೆ ಬಂದು, ಹಗಲು ಕೂಸಿನ ಪಕ್ಕದಲ್ಲಿ ಅರ್ಧ ನಿದ್ದೆ ಮಾಡುತ್ತಿದ್ದ. ಅಂದಿನಿಂದ ಹಿಡಿದ ನೆಗಡಿ ಅವನಿಗೆ ಇನ್ನೂ ಬಿಟ್ಟಿರಲಿಲ್ಲ. ಡಬ್ಬಿಯಲ್ಲಿ ಈಗ ಎರಡು ರೊಟ್ಟಿ ಉಳಿದಿದ್ದವು. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ, ಗುರುವಾರ. ಸಮ್ಯಕ್‌ಗೆ ಒಂಬತ್ತು ತಿಂಗಳ ಸೂಜಿ ಹಾಕಿಸಿ ವಾರದ ಮೇಲಾಗಿತ್ತು. ಮೂರು ದಿನಗಳಿಂದ ಸಂಜೆಯಾದರೆ ಮೈ ಸುಡುತ್ತಿತ್ತು, ಬೆಳಿಗ್ಗೆ ತಣ್ಣಗಾಗುತ್ತಿತ್ತು. ಎರಡೂ ಥರ್ಮಾಮೀಟರು ಅದನ್ನೇ ಹೇಳಿದವು. ಮೌನೇಶ್ವರಿ ಕಚೇರಿಯಿಂದ ಬಂದವಳೇ ಕೂಸನ್ನು ಎತ್ತಿಕೊಂಡು ಮಕ್ಕಳ ಡಾಕ್ಟರ್ ಕುಬ್ರಾ ಬೇಗಂ ಅವರ ಕ್ಲಿನಿಕ್ಕಿಗೆ ಓಡಿದಳು. ಹೊತ್ತು ಹೊತ್ತಿನ ಜ್ವರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದಳು.

ಡಾಕ್ಟರು ಕೂಸಿನ ಕಿವಿ, ಗಂಟಲು, ಎದೆ ನೋಡಿದರು. "ಘಾಬರಿ ಬ್ಯಾಡ ಬೇಟಿ. ಈ ಸೂಜಿಗೆ ವಾರ ಬಿಟ್ಟು ಜ್ವರ ಬರೋದುಂಟು. ಎರಡು ದಿನದಾಗ ಇಳೀತದ."

"ಆದ್ರ ಮುಂಜಾನಿ ಇರಂಗಿಲ್ರೀ ಮೇಡಂ, ಸಂಜಿಕ ಬರ್ತದ. ಬಿಟ್ಟು ಬಿಟ್ಟು ಬಂದ್ರ ಮತ್ತೇನರ ದೊಡ್ಡ ಜಡ್ಡು ಇರ್ತದೇನ್ರೀ?"

"ಎಲ್ಲಾರಿಗೂ ಜ್ವರ ಸಂಜಿಕೇ ಏರೋದು. ನಿನಗೂ ಹಂಗೇ, ನನಗೂ ಹಂಗೇ." ಡಾಕ್ಟರು ನಕ್ಕರು. "ಮೈಯೊಳಗ ಒಂದು ಗಡಿಯಾರ ಅದ. ರೋಗದ ಸಂಗಡ ಬಡದಾಡೋ ಪಹರೆದಾರರು ಇರ್ತಾರಲ್ಲ, ಅವರೂ ಆ ಗಡಿಯಾರ ನೋಡೇ ಪಾಳಿ ಮಾಡ್ತಾರ. ಹೊತ್ತು ಮುಳುಗಿದ ಮ್ಯಾಲೆ ಅವರ ಗದ್ದಲ ಜೋರು. ಬೆಳಕು ಹರಿಯೋ ಮುಂದ ಮೈ ತಾನಾ ಒಂದು ರಸ ಬಿಟ್ಟು, ಸಾಕಿನ್ನ, ಸುಮ್ಮನಿರ್ರಿ ಅಂತ ಅವರನ್ನ ತಣ್ಣಗ ಮಾಡ್ತದ. ನಿನ್ನ ಹಾಳಿ ಸರಿ ಅದ, ಏನೂ ತಪ್ಪಿಲ್ಲ."

ಮೌನೇಶ್ವರಿ ಹಾಳೆ ಮಡಚಿದಳು. ಏಳಬೇಕಿತ್ತು, ಏಳಲಿಲ್ಲ.

"ಮೇಡಂ, ಮುಂಜಾನಿ ಕೈ ಬಿಗದು, ಮಧ್ಯಾಹ್ನ ತಾನಾ ಸಡ್ಲ ಆಗೋದು ಇರ್ತದೇನ್ರೀ? ಗಡಿಯಾರ ನೋಡಿದಂಗ?"

ಬರೆಯುತ್ತಿದ್ದ ಡಾಕ್ಟರು ಪೆನ್ನು ನಿಲ್ಲಿಸಿದರು. "ಯಾರಿಗೆ?"

"ನಮ್ಮವ್ವಗ."

"ಎಷ್ಟು ಹೊತ್ತು ಬಿಗದಿರ್ತಾವ?"

"ಹತ್ತರತನ."

"ಎರಡೂ ಕೈ? ಬಾತಿರ್ತಾವೇನು?"

"ಹೌದ್ರೀ."

"ಎಷ್ಟು ದಿನದಿಂದ?"

"ಮೂರು ವರ್ಷ," ಎಂದಳು ಮೌನೇಶ್ವರಿ. ಹೇಳುವಾಗಲೇ ಅವಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು.

ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ. "ಕೆಲವರ ಮೈಯಾಗ ಪಹರೆದಾರರು ಗುರುತು ತಪ್ತಾರ. ಕಾಯಬೇಕಾದ ಮನೀಗೇ ಕೈ ಹಚ್ತಾರ. ಬೆರಳಿನ ಕೀಲುಗಳಿಗೆ. ರಾತ್ರೆಲ್ಲಾ ಬಡದಿರ್ತಾರ, ಮುಂಜಾನಿ ಎದ್ರ ಕೀಲು ಬಾತು ಬಿಗದಿರ್ತಾವ. ಹೊತ್ತು ಏರಿದಂಗ ಇಳೀತದ. ಮಧ್ಯಾಹ್ನ ನೋಡಿದವರಿಗೆ ಏನೂ ಕಾಣಂಗಿಲ್ಲ. ಇದೇ ಅಂತ ನೋಡದ ಹೇಳಂಗಿಲ್ಲ ನಾನು, ರಕ್ತ ಪರೀಕ್ಷೆ ಆಗಬೇಕು. ಆದ್ರ ಇದೇ ಇದ್ರ, ತಡ ಆದಷ್ಟು ಕೀಲು ಸವದು ಬೆರಳು ಸೊಟ್ಟ ಆಗ್ತಾವ. ಆಮ್ಯಾಲೆ ಎಂಥಾ ಔಷಧಿ ಕೊಟ್ರೂ ಸೊಟ್ಟ ಆಗಿದ್ದು ನೆಟ್ಟಗಾಗಂಗಿಲ್ಲ."

"ಈಗ ಏನು ಮಾಡ್ಲಿ ಮೇಡಂ?"

"ಕೀಲಿನ ಡಾಕ್ಟರು ಹೈದರಾಬಾದಿನಿಂದ ತಿಂಗಳಿಗೊಮ್ಮೆ ಇಲ್ಲಿಗೇ ಬರ್ತಾರ. ಈ ಆಯ್ತವಾರ ಬರ್ತಾರ, ಮುಂಜಾನಿ ಏಳಕ್ಕ ಕೂಡ್ತಾರ. ಮೊದಲ್ನೇ ಚೀಟಿ ನಿಮ್ಮವ್ವಂದು, ನಾ ಹೇಳಿರ್ತೀನಿ. ಕೈ ಹ್ಯಾಂಗ ಇರ್ತಾವ ಹಂಗೇ ತಗೊಂಡು ಬರ್ಲಿ. ಬಿಸಿನೀರಾಗ ಅದ್ದೋದು, ಎಣ್ಣಿ ತಿಕ್ಕೋದು, ಏನೂ ಮಾಡಬಾರದು. ಆಯ್ತವಾರ ತಪ್ಪಿದ್ರ ಮತ್ತ ಒಂದು ತಿಂಗಳು."

ಮನೆಗೆ ಬಂದು ಕೂಸಿಗೆ ಔಷಧಿ ಹಾಕಿ ಮಲಗಿಸಿದ ಮೇಲೆ ಮೌನೇಶ್ವರಿ ಫೋನು ಕೈಗೆತ್ತಿಕೊಂಡಳು. ಅವ್ವನ ಹೆಸರಿನ ಮೇಲೆ ಬೆರಳಿಟ್ಟಳು, ತೆಗೆದಳು. ದೇವದುರ್ಗದಲ್ಲಿದ್ದ ತಂಗಿ ಉಮಾದೇವಿಗೆ ಮಾಡಿದಳು.

"ಅವ್ವ ಹ್ಯಾಂಗಿದಾಳ?"

"ಈಗ ನೆನಪಾತೇನು?" ಉಮಾದೇವಿಯ ದನಿ ಚುಚ್ಚಿತು. "ಮುಂಜಾನಿ ಹೂ ಹಿಡಿಯಾಕ ಬರವಲ್ದು. ಮೇಸ್ತ್ರಿ ಆಕೀನ ಅಡಗಿ ಮಾಡಾಕ ಹಚ್ಯಾನ. ಅದೂ ಹತ್ತರ ಮ್ಯಾಲೆ. ಮಧ್ಯಾಹ್ನ ಮೊಗ್ಗು ತೆಗೀಬೇಕಂದ್ರ ಉಗುರಿಲ್ಲ. ನಿನ್ನ ಮಗನ ಸಲುವಾಗಿ ಕತ್ತರಿಸಿ ಕೂತಾಳ."

ಮೌನೇಶ್ವರಿ ಮಲಗಿದ್ದ ಮಗನ ಕಡೆ ನೋಡಿದಳು.

"ಅಕ್ಕಾ, ಕೇಳಾಕತ್ತೀಯೇನು?"

"ಹೂಂ. ಉಮಾ, ಅವತ್ತು ಡಾಕ್ಟರ್ ಹತ್ರ ಬರೋ ಮುಂದ ಅವ್ವ ಕೈ ಬಿಸಿನೀರಾಗ ಅದ್ದಿದ್ಲೇನು?"

"ಅದ್ದದ ಬಿಡ್ತಾಳೇನು? ಬಿಸಿನೀರು, ಕೊಬ್ರಿ ಎಣ್ಣಿ, ಹೊಸಾ ಬಳಿ. ದೊಡ್ಡ ದವಾಖಾನಿಗೆ ಹೋಗೋ ಮುಂದ ಮುದುಡಿದ ಕೈ ತಗೊಂಡು ಹೋದ್ರ ಮಗಳ ಮರ್ಯಾದಿ ಹೋಗ್ತದಂತ. ನಾನೇ ನೀರು ಕಾಸಿಕೊಟ್ಟೀನಿ."

"ನಾಳಿ ಮುಂಜಾನಿ ಎದ್ದಕೂಡ್ಲೇ ಆಕಿಗೆ ಫೋನ್ ಮಾಡ್ತೀನಿ."

"ಮುಂಜಾನಿ ಮಾಡಿದ್ರ ಎತ್ತಂಗಿಲ್ಲ. ಅಷ್ಟೂ ಗೊತ್ತಿಲ್ಲೇನು ನಿನಗ? ಹಸರು ಗುಂಡಿ ಒತ್ತಾಕ ಬೆರಳು ಬರಂಗಿಲ್ಲ ಆಕಿಗೆ."

ಆ ರಾತ್ರಿ ಮೌನೇಶ್ವರಿಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಮೂರು ವರ್ಷದಿಂದ ಅವಳು ಅವ್ವನಿಗೆ ಫೋನ್ ಮಾಡುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ, ಕಚೇರಿಗೆ ಹೊರಡುವ ಮುಂಚೆ. ಅವ್ವ ಎತ್ತುತ್ತಿರಲಿಲ್ಲ. ಹತ್ತೂವರೆಗೆ ಅವ್ವನೇ ತಿರುಗಿ ಮಾಡುತ್ತಿದ್ದಳು; ಆಗ ಕಚೇರಿಯಲ್ಲಿ ಜನ, ಮೌನೇಶ್ವರಿ ಕಟ್ ಮಾಡುತ್ತಿದ್ದಳು. ಅವ್ವನಿಗೆ ತನ್ನ ಮೇಲೆ ಸೆಡವು, ಬೇಕೆಂತಲೇ ಹೊತ್ತಲ್ಲದ ಹೊತ್ತಿನಲ್ಲಿ ಮಾಡುತ್ತಾಳೆ ಎಂದುಕೊಂಡಿದ್ದಳು.

ಬೆಳಿಗ್ಗೆ ಕೂಸು ಎದ್ದು ಚಾಪೆಯ ಮೇಲೆ ಉರುಳಿ ಉರುಳಿ ಅಂಚಿಗೆ ಹೋಯಿತು. ಅಂಚು ದಾಟಿದರೆ ಹೊಸ್ತಿಲು, ಅದರಾಚೆ ಅಡುಗೆಮನೆಯ ಮೆಟ್ಟಿಲು. ಮೌನೇಶ್ವರಿ ಕಾಲು ಚಾಚಿ ಒಂದು ದಿಂಬನ್ನು ಅಡ್ಡ ತಳ್ಳಿದಳು. ತಳ್ಳಿದವಳು ಹಾಗೇ ನಿಂತುಬಿಟ್ಟಳು. ಅಂದು ಸ್ನಾನಕ್ಕೆ ಹೋಗುವಾಗ ದಿಂಬುಗಳೆಲ್ಲ ಮಂಚದ ಮೇಲಿದ್ದವು. ಅವನ್ನು ಜೋಡಿಸಿಟ್ಟವಳು ಅವಳೇ. ಕೈ ತೆರೆಯದ ಹೆಂಗಸು ಮಂಚದಿಂದ ದಿಂಬನ್ನು ಎಳೆದದ್ದು ಹೇಗೆ? ಹಲ್ಲಿನಿಂದಲೇ? ಮೊಣಕೈಯಿಂದಲೇ? ಎಳೆದು, ಕಾಲಿನಿಂದ ತಳ್ಳಿ, ಕೂಸು ಉರುಳದಂತೆ ಅಡ್ಡ ಇಟ್ಟು, ಎತ್ತಿಕೊಂಡರೆ ಬೀಳಿಸಿಯೇನು ಎಂದು ಕೈಗಳನ್ನು ಕಂಕುಳಲ್ಲಿ ಬಿಗಿದು ಕೂತಿದ್ದಳು. ತಾನು ಅದಕ್ಕೆ ನಾಟಕ ಎಂದಿದ್ದಳು.

ಡ್ಯೂಟಿ ಮುಗಿಸಿ ಬಂದ ಆನಂದನಿಗೆ ಎಲ್ಲ ಹೇಳಿದಳು. ಅವನು ಮೂಗು ಒರೆಸಿಕೊಳ್ಳುತ್ತ ಕೇಳಿಸಿಕೊಂಡ. ಸರ್ಕಾರಿ ಆಫೀಸಿನ ಹಾಸ್ಯ ಅವನಿಗೂ ನೆನಪಾಗಿರಬೇಕು. "ನಾ ಮಾಡ್ಲೇನು ಫೋನು? ನನ್ನ ಮಾತು ಕೇಳ್ತಾರ ಅವರು," ಎಂದ.

"ಬ್ಯಾಡ. ಅಂದಾಕಿ ನಾನು. ನಾನೇ ಮಾಡ್ಬೇಕು."

ಕಚೇರಿಯಲ್ಲಿ ಹತ್ತಕ್ಕೆ ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟು ಎಷ್ಟು ಸಲೀಸಾಗಿ ಬಾಗಿತು ಎಂದು ಮೊದಲ ಸಲ ನೋಡಿದಳು. ಗೋಡೆಯ ಗಡಿಯಾರ ಹತ್ತೂವರೆ ಮುಟ್ಟುವವರೆಗೆ ಒಂದಕ್ಷರ ಬರೆಯಲಾಗಲಿಲ್ಲ. ಬರದಿದ್ದರೆ? ಅಡುಗೆ ಬಿಟ್ಟರೆ ಮೇಸ್ತ್ರಿ ಮುಂದಿನ ವರ್ಷ ಕರೆಯುವುದಿಲ್ಲ ಎಂದರೆ? ಬೆರಳು ಆಗಲೇ ಸೊಟ್ಟಗಾಗಿದ್ದರೆ? ಎದ್ದು ಹೊರಗಿನ ಬೇವಿನ ಮರದ ಕೆಳಗೆ ನಿಂತು ಫೋನ್ ಮಾಡಿದಳು.

ಎರಡನೆಯ ರಿಂಗಿಗೇ ಎತ್ತಿದಳು ಬಸ್ಸಮ್ಮ. "ಕೂಸು ಆರಾಮ ಅದಾನಿಲ್ಲ?" ಎಂಬುದೇ ಮೊದಲ ಮಾತು.

"ಆರಾಮ ಅದಾನ. ಯವ್ವಾ, ಬೆರಳು ಎದ್ದಾವೇನು?"

ಆಚೆ ಒಲೆಯ ಮೇಲೆ ಪಾತ್ರೆ ಇಟ್ಟ ಸಪ್ಪಳ ಕೇಳಿತು. "ಈಗ ಏಳಾಕತ್ತಾವ. ಯಾಕ?"

"ಆಯ್ತವಾರ ಮುಂಜಾನಿ ಏಳಕ್ಕ ಡಾಕ್ಟರ್ ನೋಡ್ತಾರ. ನಾಳಿ ತಯಾರಾಗಿರು. ನಾನೇ ಬಂದು ಕರ್ಕೊಂಡು ಬರ್ತೀನಿ."

"ಏಳಕ್ಕ? ಏಳಕ್ಕ ಈ ಕೈ ಯಾರಿಗೆ ತೋರ್ಸಲಿ ಬೇ? ಮುದುಡಿದ್ದು?"

"ಮುದುಡಿದ್ದೇ ಬೇಕಂತ ಅವರಿಗೆ. ಬಿಸಿನೀರು ಮುಟ್ಟಬ್ಯಾಡ. ಬಳಿ ಹಾಕಬ್ಯಾಡ. ಹ್ಯಾಂಗದಾವ ಹಂಗೇ."

"ಚಂದ ಕಾಣಂಗಿಲ್ಲವ್ವಾ ಅದು."

"ಚಂದ ಕಾಣೋದು ಬ್ಯಾಡ ಯವ್ವಾ." ಮೌನೇಶ್ವರಿಯ ದನಿ ಏರಿತು. ಹಾದುಹೋಗುತ್ತಿದ್ದ ವಿದ್ಯಾರ್ಥಿಗಳು ತಿರುಗಿ ನೋಡಿದರು, ನೋಡಲಿ. "ಅವತ್ತು ನಾ ಅಂದೆನಲ್ಲ..."

"ದಿಂಬು ನೋಡ್ಲಿಲ್ಲ ನೀ," ಎಂದಳು ಬಸ್ಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಹೇಳಲು ಕಾದಿದ್ದನ್ನು ಹೇಳಿದಂತಿತ್ತು.

"ಇವತ್ತು ನೋಡಿದೆ."

ಆಚೆಯಿಂದ ಯಾರೋ, "ಬಸ್ಸವ್ವಾ, ಅನ್ನ ಸೀದು ಹೊಂಟೈತಿ, ಫೋನ್ ಇಡಬೇ," ಎಂದು ಕೂಗಿದರು. ಮೌನೇಶ್ವರಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವ್ವ ಫೋನ್ ಇಡಲಿಲ್ಲ. "ನಾಳಿ ಎಷ್ಟಕ್ಕ ಬರ್ತಿ?" ಎಂದಳು.